ಹಂದಿಯ ವಾಲ್ವ್‌ಗೆ ಬೇಡದ ಮಾತ್ರೆ ಲೋಹದ ವಾಲ್ವ್‌ಗೆ ಯಾಕೆ ಬೇಕು?

ಪ್ರಶ್ನೆ: ನನ್ನ ತಂಗಿಗೆ 31 ವರ್ಷ. ಚಿಕ್ಕವಳಿದ್ದಾಗ ಗಂಟಲು ನೋವು, ಜ್ವರ, ಕೀಲು ನೋವು ಬಂದು ಹೃದಯದ ಮೈಟ್ರಲ್ ವಾಲ್ವ್ ಹಾಳಾಗಿತ್ತು. ಈಗ ಬದಲಿಸಬೇಕು ಎನ್ನುತ್ತಿದ್ದಾರೆ. ಲೋಹದ್ದು ಹಾಕಿದರೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕಂತೆ. ಹಂದಿಯದ್ದೋ ದನದ್ದೋ ಟಿಶ್ಯೂ ವಾಲ್ವ್ ಹಾಕಿದರೆ ಅದು ಬೇಡ, ಆದರೆ ಬೇಗ ಹಾಳಾಗುತ್ತದಂತೆ. ನಮ್ಮ ಸಂಬಂಧಿಕರೊಬ್ಬರಿಗೆ ಸ್ವಂತ ಅಣ್ಣನ ಕಿಡ್ನಿ ಹಾಕಿದರೂ ದೇಹ ಅದನ್ನು ತಿರಸ್ಕರಿಸದ ಹಾಗೆ ಮಾತ್ರೆ ಕೊಟ್ಟಿದ್ದಾರೆ. ಹಂದಿಯದ್ದಕ್ಕೆ ಅದು ಯಾಕೆ ಬೇಡ? ವಿಜ್ಞಾನ ಇಷ್ಟು ಬೆಳೆದರೂ ರಕ್ತ ಹೆಪ್ಪುಗಟ್ಟದ ಒಂದು ಲೋಹ ಯಾಕೆ ಸಿಕ್ಕಿಲ್ಲ?
– ಶಿವಮೊಗ್ಗದ ಓದುಗರು

ಉತ್ತರ: ನಾನು ಡಾಕ್ಟರ್ ಅಲ್ಲ. ದೇಹದೊಳಗೆ ಇಡುವ ವಸ್ತುಗಳ ಮೇಲೆ ಕೆಲಸ ಮಾಡುವವನು. ಯಾವ ವಾಲ್ವ್ ಹಾಕಿಸಬೇಕು ಎಂದು ಹೇಳುವುದು ನಿಮ್ಮ ಸರ್ಜನ್ ಕೆಲಸ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಎಂದು ನಿಮಗೆ ಗೊತ್ತಿದ್ದರೆ ಒಳ್ಳೆಯದು. ಅಷ್ಟರ ಮಟ್ಟಿಗೆ ನಾನು ಹೇಳಬಲ್ಲೆ.

ಮೊದಲು ಹಂದಿಯ ವಿಷಯ. ಅಣ್ಣನ ಕಿಡ್ನಿ ತಮ್ಮನ ಹೊಟ್ಟೆಗೆ ಹೋಗುವಾಗ ಜೀವ ಇಟ್ಟುಕೊಂಡೇ ಹೋಗುತ್ತದೆ. ಅದರ ಒಂದೊಂದು ಜೀವಕೋಶವೂ ಕೆಲಸ ಮಾಡಬೇಕು. ಹಾಗಾಗಿ ಅದರ ಮೇಲಿರುವ 'ಪರರ' ಗುರುತನ್ನು ಅಳಿಸಲು ಆಗುವುದಿಲ್ಲ. ಅಳಿಸುವಷ್ಟು ರಾಸಾಯನಿಕ ಹಾಕಿದರೆ ಕಿಡ್ನಿಯೇ ಸಾಯುತ್ತದೆ. ಆದ್ದರಿಂದ ಅಲ್ಲಿ ಪಡೆದವರ ರೋಗನಿರೋಧಕ ಶಕ್ತಿಯನ್ನೇ ಮಾತ್ರೆಯಿಂದ ತಗ್ಗಿಸುತ್ತಾರೆ.

ಹಂದಿಯ ವಾಲ್ವ್ ಹಾಗಲ್ಲ. ಪೆಟ್ಟಿಗೆಯಿಂದ ತೆಗೆಯುವ ಹೊತ್ತಿಗೆ ಅದು ಪೂರ್ತಿ ಸತ್ತಿರುತ್ತದೆ. ಕವಾಟಕ್ಕೆ ಜೀವ ಇರಲೇಬೇಕು ಎಂದಿಲ್ಲ. ಎಸಳುಗಳು ಮೆತ್ತಗೆ ತೆರೆದು ಮುಚ್ಚಿಕೊಂಡರೆ ಸಾಕು. ಆ ಮೆತ್ತಗಿನ ಬಲ ಬರುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದ. ಅವು ಕೊಳೆಯದೆ ಉಳಿದರೆ ಕೆಲಸ ಆಯಿತು. ಅದಕ್ಕೆ ಬಳಸುವುದು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ. ಅದು ಒಂದು ಎಳೆಯನ್ನು ಪಕ್ಕದ ಎಳೆಗೆ ಗಟ್ಟಿಯಾಗಿ ಕಟ್ಟಿಹಾಕುತ್ತದೆ. ನಿಜ ಹೇಳಬೇಕೆಂದರೆ ಇದು ಚರ್ಮ ಹದ ಮಾಡುವ ಕೆಲಸವೇ. ಚರ್ಮದ ಕಾರ್ಖಾನೆಗಳಲ್ಲೂ ಇದೇ ರಾಸಾಯನಿಕ ಬಳಕೆಯಲ್ಲಿದೆ. ಹಸಿ ಚರ್ಮ ನಾಲ್ಕು ದಿನಕ್ಕೆ ಕೊಳೆಯುತ್ತದೆ, ಹದ ಮಾಡಿದ ಚಪ್ಪಲಿ ವರ್ಷಗಟ್ಟಲೆ ಬಾಳುತ್ತದೆ ಅಲ್ವಾ, ಹಾಗೆ. ಹದ ಮಾಡಿದಾಗ ಪ್ರಾಣಿಯ ಪ್ರೋಟೀನುಗಳ ಗುರುತೂ ಬಹುಪಾಲು ಮುಚ್ಚಿಹೋಗುತ್ತದೆ. ಆದ್ದರಿಂದ ದೇಹ ಅದರ ಮೇಲೆ ಕಿಡ್ನಿಯ ಮೇಲೆ ಬೀಳುವ ಹಾಗೆ ಬೀಳುವುದಿಲ್ಲ.

ಈ ಉಪಾಯ ಹುಡುಕಿದವರು ಪ್ಯಾರಿಸ್‌ನ ಸರ್ಜನ್ ಅಲೆನ್ ಕಾರ್ಪೆಂಟಿಯೇ. 1965ರಲ್ಲಿ ಅವರ ತಂಡ ಹಂದಿಯ ಕವಾಟಗಳನ್ನು ಮನುಷ್ಯರಿಗೆ ಹಾಕಿತ್ತು. ಆಗ ಬಳಸಿದ ರಾಸಾಯನಿಕಗಳಲ್ಲಿ ಅವು ಹೆಚ್ಚು ಕಾಲ ಬಾಳಲಿಲ್ಲ. ಸರ್ಜನ್ ಆಗಿದ್ದ ಅವರು ಕೂತು ರಸಾಯನಶಾಸ್ತ್ರ ಕಲಿತರು. ಆ ದಶಕದ ಕೊನೆಗೆ ಗ್ಲುಟರಾಲ್ಡಿಹೈಡ್ ಬಳಕೆಗೆ ಬಂತು. ಇವತ್ತಿನ ಬಹುತೇಕ ಟಿಶ್ಯೂ ವಾಲ್ವ್‌ಗಳ ಮೂಲ ಅಲ್ಲೇ ಇದೆ. ದನದ ವಾಲ್ವ್ ಎಂದಾಗ ದನದ ಕವಾಟವನ್ನೇ ಹಾಕುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ದನದ ಹೃದಯದ ಸುತ್ತ ಇರುವ ತೆಳು ಚೀಲವನ್ನು ಹದ ಮಾಡಿ, ಎಸಳಿನಂತೆ ಕತ್ತರಿಸಿ, ಚೌಕಟ್ಟಿಗೆ ಹೊಲಿಯುತ್ತಾರೆ. ಮನೆಯಲ್ಲಿ ಯಾವ ಪ್ರಾಣಿ ಎಂಬುದು ಮುಖ್ಯವಾಗಿದ್ದರೆ ಮುಜುಗರ ಇಲ್ಲದೆ ಮೊದಲೇ ಕೇಳಿಬಿಡಿ. ಎರಡೂ ಬಗೆಯದು ಸಿಗುತ್ತದೆ.

ಹಾಗಾದರೆ ಹದ ಮಾಡಿದ ಮೇಲೆ ತೊಂದರೆ ಎಲ್ಲಿ? ಅದೇ ಹದದಲ್ಲೇ ಇದೆ. ಕೊಳೆಯದ ಹಾಗೆ ಮಾಡುವ ರಾಸಾಯನಿಕವೇ ಮುಂದೆ ಸುಣ್ಣ ಕಟ್ಟುವುದಕ್ಕೂ ದಾರಿ ಮಾಡಿಕೊಡುತ್ತದೆ. ಜೀವ ಇರುವ ಕೋಶ ತನ್ನೊಳಗೆ ಬಂದ ಕ್ಯಾಲ್ಸಿಯಂ ಅನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಸತ್ತ ಕೋಶಕ್ಕೆ ಆ ಶಕ್ತಿ ಇಲ್ಲ. ಅದರ ಗೋಡೆಯ ಕೊಬ್ಬಿನಲ್ಲಿ ರಂಜಕ ಇದೆ, ರಕ್ತದಲ್ಲಿ ಕ್ಯಾಲ್ಸಿಯಂ ಇದೆ. ಎರಡೂ ಸೇರಿ ಹರಳು ಕಟ್ಟಲು ಶುರುವಾಗುತ್ತದೆ. ಎಳೆಗೆ ಕಟ್ಟಿಕೊಳ್ಳದೆ ಉಳಿದ ಗ್ಲುಟರಾಲ್ಡಿಹೈಡ್ ತುದಿಗಳು ಇದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತವೆ. ವರ್ಷ ಕಳೆದಂತೆ ಮೆತ್ತಗಿದ್ದ ಎಸಳು ಗಡುಸಾಗಿ ಬಿಗಿಯುತ್ತದೆ, ಇಲ್ಲವೇ ಹರಿಯುತ್ತದೆ.

ಇದು ವಯಸ್ಸು ಚಿಕ್ಕದಿದ್ದಷ್ಟೂ ಜಾಸ್ತಿ. ಎಳೆಯರ ದೇಹದಲ್ಲಿ ಕ್ಯಾಲ್ಸಿಯಂ ವಹಿವಾಟು ಚುರುಕು, ರೋಗನಿರೋಧಕ ಶಕ್ತಿಯೂ ಚುರುಕು. ಈ ವಾಲ್ವ್‌ಗಳನ್ನು ಪ್ರಾಣಿಗಳಲ್ಲಿ ಪರೀಕ್ಷಿಸುವಾಗ ಎಳೆ ವಯಸ್ಸಿನ ಕುರಿಗಳನ್ನೇ ಆರಿಸುವುದೂ ಇದಕ್ಕೇ. ಕೆಲವೇ ತಿಂಗಳಲ್ಲಿ ಸುಣ್ಣ ಕಟ್ಟಿ ತೋರಿಸುತ್ತವೆ. ಎಪ್ಪತ್ತು ವರ್ಷದವರಲ್ಲಿ ಹದಿನೈದು ವರ್ಷ ಬಾಳುವ ಟಿಶ್ಯೂ ವಾಲ್ವ್ ಮೂವತ್ತರವರಲ್ಲಿ ಅಷ್ಟು ಬಾಳುತ್ತದೆ ಎಂದು ನಂಬಿಕೊಂಡು ಕೂರಬಾರದು. ಜೊತೆಗೆ ನಿಮ್ಮ ತಂಗಿಗೆ ಬದಲಿಸಬೇಕಿರುವುದು ಮೈಟ್ರಲ್. ಹೃದಯದ ಎಡ ಕೋಣೆ ರಕ್ತವನ್ನು ಮೈಗೆ ಒತ್ತುವ ಪೂರ್ತಿ ಒತ್ತಡವನ್ನು ಮುಚ್ಚಿದ ಮೈಟ್ರಲ್ ಕವಾಟ ತಡೆಯಬೇಕು. ಬಿಪಿ ಅಳೆದಾಗ ಬರುವ ಎರಡು ಅಂಕಿಗಳಲ್ಲಿ ಮೇಲಿನದು ಇದರ ಪಾಲಿಗೆ, ಕೆಳಗಿನದು ರಕ್ತ ಹೃದಯದಿಂದ ಮೈಗೆ ಹೊರಡುವ ಬಾಗಿಲಾದ ಅಯೋರ್ಟಿಕ್ ಕವಾಟದ ಪಾಲಿಗೆ ಎನ್ನಬಹುದು. ಹಾಗಾಗಿ ಈ ಜಾಗದಲ್ಲಿ ಟಿಶ್ಯೂ ವಾಲ್ವ್ ಬೇಗ ಸೋಲುತ್ತದೆ.

ತಯಾರಕರೂ ಸುಮ್ನೆ ಕೂತಿಲ್ಲ. ಆಲ್ಕೊಹಾಲ್‌ನಲ್ಲಿ ತೊಳೆದು ಆ ಕೊಬ್ಬು ತೆಗೆಯುತ್ತಾರೆ. ಉಳಿದ ತುದಿಗಳನ್ನು ಬೇರೆ ರಾಸಾಯನಿಕದಿಂದ ಮುಚ್ಚುತ್ತಾರೆ. ದ್ರಾವಣದಲ್ಲಿ ಇಡುವ ಬದಲು ಗ್ಲಿಸರಾಲ್ ಬಳಸಿ ಒಣದಾಗಿ ಇಡುವ ವಾಲ್ವ್‌ಗಳೂ ಬಂದಿವೆ. ಇವುಗಳಿಂದ ಲಾಭ ಇದೆ ಎಂದು ನನಗೂ ಅನ್ನಿಸುತ್ತದೆ. ಆದರೆ 'ಹೊಸ ತಂತ್ರಜ್ಞಾನ, ಇಪ್ಪತ್ತೈದು ವರ್ಷ ಗ್ಯಾರಂಟಿ' ಎಂದು ಯಾರಾದರೂ ಹೇಳಿದರೆ, ಆ ವಾಲ್ವ್ ಮಾರುಕಟ್ಟೆಗೆ ಬಂದು ಎಷ್ಟು ವರ್ಷ ಆಯಿತು ಎಂದು ಕೇಳಿ.

ಕೋಶಗಳಿಂದಲೇ ತೊಂದರೆ ಎಂದಾದರೆ ಅವನ್ನು ಪೂರ್ತಿ ತೊಳೆದುಹಾಕಿದರೆ ಆಗದೇ? ಅದನ್ನೂ ಮಾಡಿ ನೋಡಿದರು. ಸಾಬೂನಿನಂಥ ರಾಸಾಯನಿಕಗಳಿಂದ ಕೋಶ ತೊಳೆದು, ಗ್ಲುಟರಾಲ್ಡಿಹೈಡ್ ಇಲ್ಲದೆ ಬರೀ ಕೊಲಾಜೆನ್ ಜಾಲ ಉಳಿಸಿಕೊಂಡರೆ ರೋಗಿಯ ಸ್ವಂತ ಕೋಶಗಳೇ ಬಂದು ನೆಲೆಸುತ್ತವೆ ಎಂಬ ಆಸೆ. 2001ರ ಸುಮಾರಿಗೆ ಆಸ್ಟ್ರಿಯಾದ ವಿಯೆನ್ನಾದಲ್ಲಿ ಅಂಥ ಹಂದಿ ಕವಾಟಗಳನ್ನು 4 ಮಕ್ಕಳಿಗೆ ಹಾಕಿದರು. ಅವರಲ್ಲಿ 3 ಮಕ್ಕಳು ತೀರಿಕೊಂಡರು. ತೆಗೆದು ನೋಡಿದಾಗ ಕವಾಟಗಳ ಮೇಲೆ ದೇಹ ಜೋರಾಗಿ ಉರಿಯೂತದ ದಾಳಿ ನಡೆಸಿತ್ತು. ತೊಳೆದದ್ದು ಪೂರ್ತಿ ಆಗಿರಲಿಲ್ಲ, ಹಂದಿಯ ಗುರುತು ಉಳಿದಿತ್ತು. ಇದೇ ವಿಧಾನದಲ್ಲಿ ತೊಳೆದ ಮನುಷ್ಯರ, ಅಂದರೆ ದಾನಿಗಳ ಕವಾಟಗಳು ಮುಂದೆ ಚೆನ್ನಾಗಿಯೇ ನಡೆದಿವೆ. ಆದರೆ ಅವು ಸಿಗುವುದು ಕಷ್ಟ.

ಈಗ ಲೋಹದ ಕಡೆ ಬರುತ್ತೇನೆ. ನಿಮ್ಮ ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಯಾಕೆಂದರೆ ನಮ್ಮ ಇಡೀ ಕ್ಷೇತ್ರ ಅದರ ಸುತ್ತಲೇ ತಿರುಗುತ್ತಿದೆ.

ರಕ್ತ ಲೋಹವನ್ನು ನೇರವಾಗಿ ಮುಟ್ಟುವುದೇ ಇಲ್ಲ. ಯಾವ ವಸ್ತು ಇಟ್ಟರೂ ಕೆಲವೇ ಸೆಕೆಂಡಿನಲ್ಲಿ ರಕ್ತದ ಪ್ರೋಟೀನುಗಳು ಅದರ ಮೇಲೆ ಒಂದು ತೆಳು ಪದರವಾಗಿ ಕೂರುತ್ತವೆ. ಮೊದಲು ಬಂದು ಕೂತದ್ದನ್ನು ಎಬ್ಬಿಸಿ ಇನ್ನೊಂದು ಕೂರುವುದೂ ಉಂಟು. ಇದನ್ನು ಗುರುತಿಸಿದ ವಿಜ್ಞಾನಿ ಲಿಯೋ ವ್ರೋಮನ್. ಡೆಂಗಿ ಬಂದಾಗ ನಾವೆಲ್ಲ ಲೆಕ್ಕ ಕೇಳುತ್ತೇವಲ್ಲ, ಆ ಪ್ಲೇಟ್‌ಲೆಟ್‌ಗಳು ನೋಡುವುದು ಈ ಪದರವನ್ನು. ಅಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನ್ ತನ್ನ ಆಕಾರ ಬದಲಿಸಿಕೊಂಡು ಕೂತಿದ್ದರೆ ಪ್ಲೇಟ್‌ಲೆಟ್ ಅದನ್ನು ಗಾಯ ಎಂದುಕೊಂಡು ಅಂಟಿಕೊಳ್ಳುತ್ತದೆ. ಅದು ಇನ್ನೊಂದನ್ನು ಕರೆಯುತ್ತದೆ. ಇತ್ತ ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಅಂಶಗಳೂ ಒಂದರ ಹಿಂದೆ ಒಂದು ಎಚ್ಚರಗೊಳ್ಳುತ್ತವೆ. ನಾವು ಒಂದು ವಸ್ತುವನ್ನು 'ದೇಹಕ್ಕೆ ಒಗ್ಗಿಸುವುದು' ಎಂದರೆ ಆಗಾಗ ಇಷ್ಟೇ: ಅದರ ಮೇಲ್ಮೈಯನ್ನು ಬದಲಿಸಿ, ಯಾವ ಪ್ರೋಟೀನ್ ಹೇಗೆ ಕೂರಬೇಕು ಎಂಬುದನ್ನು ಒಂದಿಷ್ಟು ನಮ್ಮ ಕೈಗೆ ತೆಗೆದುಕೊಳ್ಳುವುದು.

ಹಾಗಾದರೆ ನಮ್ಮದೇ ರಕ್ತನಾಳದಲ್ಲಿ ರಕ್ತ ಯಾಕೆ ಹೆಪ್ಪುಗಟ್ಟುವುದಿಲ್ಲ? ಅಲ್ಲಿ ಒಳಗೋಡೆಯ ಕೋಶಗಳು ದಿನವಿಡೀ ದುಡಿಯುತ್ತಿರುತ್ತವೆ. ನೈಟ್ರಿಕ್ ಆಕ್ಸೈಡ್ ಬಿಟ್ಟು ಪ್ಲೇಟ್‌ಲೆಟ್‌ಗಳನ್ನು ತಣ್ಣಗಿಡುತ್ತವೆ. ಹೆಪ್ಪು ಕಟ್ಟುವ ಅಂಶಗಳನ್ನು ಹಿಡಿದು ನಿಲ್ಲಿಸುತ್ತವೆ. ಕಟ್ಟಿದ ಚಿಕ್ಕ ಹೆಪ್ಪನ್ನು ಕರಗಿಸುತ್ತವೆ. ಇದು ಬರೀ ನುಣುಪಿನಿಂದ ಆಗುವ ಕೆಲಸ ಅಲ್ಲ, ಜೀವಂತವಾಗಿ ಮಾಡುವ ಕೆಲಸ. ಜೀವ ಇಲ್ಲದ ಯಾವ ವಸ್ತುವೂ ಇದನ್ನು ವರ್ಷಗಟ್ಟಲೆ ಮಾಡಿ ತೋರಿಸಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧವನ್ನು ಮೇಲ್ಮೈಗೆ ಅಂಟಿಸುವ ವಿಧಾನಗಳಿವೆ. ಹೃದಯದ ಆಪರೇಷನ್ ವೇಳೆ ರಕ್ತ ಓಡುವ ಯಂತ್ರದ ಕೊಳವೆಗಳಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅದು ಗಂಟೆಗಳ, ದಿನಗಳ ಮಾತು. ಕವಾಟವೋ ದಿನಕ್ಕೆ 1 ಲಕ್ಷ ಸಲ, ವರ್ಷಕ್ಕೆ ಹತ್ತಿರ ಹತ್ತಿರ 4 ಕೋಟಿ ಸಲ ತೆರೆದು ಮುಚ್ಚಬೇಕು. ಮೇಲೆ ಅಂಟಿಸಿದ್ದು ಉಳಿಯುವುದಿಲ್ಲ, ಉಳಿದರೂ ಅದರ ಮೇಲೆ ಬೇರೆ ಪ್ರೋಟೀನ್ ಕೂತು ಮುಚ್ಚಿಹಾಕುತ್ತದೆ.

ಇರುವುದರಲ್ಲಿ ಗೆದ್ದದ್ದು ಇಂಗಾಲ. ಅದರ ಕಥೆ ಸ್ವಾರಸ್ಯವಾಗಿದೆ. 1960ರ ದಶಕದಲ್ಲಿ ಅಮೆರಿಕದ ಸರ್ಜನ್ ವಿನ್ಸೆಂಟ್ ಗಾಟ್ ಬೇರೆ ಬೇರೆ ವಸ್ತುಗಳ ಚಿಕ್ಕ ಉಂಗುರಗಳನ್ನು ನಾಯಿಗಳ ದೊಡ್ಡ ರಕ್ತನಾಳದಲ್ಲಿ ಇಟ್ಟು, ಯಾವುದು ಮುಚ್ಚಿಹೋಗುವುದಿಲ್ಲ ಎಂದು ನೋಡುತ್ತಿದ್ದರು. ಗ್ರಾಫೈಟ್ ಹಚ್ಚಿ ಅದಕ್ಕೆ ಹೆಪಾರಿನ್ ಕೂರಿಸಿದ ಉಂಗುರಗಳು ತೆರೆದೇ ಉಳಿದವು. ಆಗ ಅಣು ಇಂಧನದ ಸಣ್ಣ ಕಾಳುಗಳಿಗೆ ಗಟ್ಟಿ ಇಂಗಾಲದ ಲೇಪ ಮಾಡುತ್ತಿದ್ದ ಜ್ಯಾಕ್ ಬೊಕ್ರೋಸ್ ಎಂಬ ಎಂಜಿನಿಯರ್ ಗಾಟ್ ಅವರ ಕೆಲಸ ಕಂಡು ತಮ್ಮ ವಸ್ತುವನ್ನೂ ಕಳಿಸಿದರು. ಅದು ಪೈರೊಲಿಟಿಕ್ ಕಾರ್ಬನ್. ಹೆಪಾರಿನ್ ಇಲ್ಲದೆಯೂ ಅದು ಚೆನ್ನಾಗಿ ತಡೆಯಿತು. ಗಟ್ಟಿ, ನುಣುಪು, ಸವೆತ ಬಹಳ ಕಡಿಮೆ. ಅಣು ರಿಯಾಕ್ಟರ್‌ಗೆ ಮಾಡಿದ ಲೇಪ ದಶಕ ಕಳೆಯುವುದರೊಳಗೆ ಮನುಷ್ಯರ ಹೃದಯಕ್ಕೆ ಬಂತು. 1977ರಲ್ಲಿ ಬಂದ ಎರಡು ಎಸಳಿನ ಸೇಂಟ್ ಜೂಡ್ ವಾಲ್ವ್ ಕೂಡ ಇದರದ್ದೇ. ನಾವು 'ಮೆಟಲ್ ವಾಲ್ವ್' ಎನ್ನುವವುಗಳಲ್ಲಿ ಬಹುಪಾಲು ರಕ್ತಕ್ಕೆ ಕಾಣುವುದು ಲೋಹ ಅಲ್ಲ, ಈ ಇಂಗಾಲ. ಆದರೂ ಹೆಪ್ಪು ಪೂರ್ತಿ ನಿಂತಿಲ್ಲ. ಎಸಳು ತಿರುಗುವ ಸಂದಿಗಳಲ್ಲಿ ರಕ್ತ ನಿಧಾನವಾಗುತ್ತದೆ, ಅಲ್ಲಿ ಶುರುವಾಗುತ್ತದೆ. ಅದಕ್ಕೇ ಮಾತ್ರೆ.

ನಮ್ಮ ದೇಶದ್ದೇ ಒಂದು ವಾಲ್ವ್ ಇದೆ, ಅದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮುಂದಾಳತ್ವದಲ್ಲಿ ಮಾಡಿದ ಚಿತ್ರಾ ವಾಲ್ವ್. ಕೇರಳದವರಾದ ಅವರು ಆಮೇಲೆ ಮಣಿಪಾಲದಲ್ಲಿ ಕುಲಪತಿಯಾದರು. ಅಲ್ಲೇ ನೆಲೆಸಿ 2024ರ ಜುಲೈನಲ್ಲಿ ತೀರಿಕೊಂಡರು. ಇವರ ತಂಡ ಒಂದೇ ಸಲಕ್ಕೆ ಗೆದ್ದದ್ದಲ್ಲ. ಮೊದಲ ಮೂರು ಮಾದರಿಗಳು ಕೈಕೊಟ್ಟವು. ಬೆಸುಗೆ ಬಿಟ್ಟಿತು. ಟೈಟಾನಿಯಂ ಚೌಕಟ್ಟು ಸವೆಯಿತು. ಟೈಟಾನಿಯಂ ಮೂಳೆಗೆ ಬಹಳ ಚೆನ್ನಾಗಿ ಒಗ್ಗುತ್ತದೆ, ಆದರೆ ಉಜ್ಜಾಟ ತಡೆಯುವುದಿಲ್ಲ. ವಜ್ರದ ನಂತರದ ಗಟ್ಟಿತನ ಎಂದು ನಂಬಿ ಹಾಕಿದ ಸಫೈರ್ ಬಿಲ್ಲೆ ಒಡೆದುಹೋಯಿತು. ಕೊನೆಗೆ ನಿಂತದ್ದು ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹದ ಒಂದೇ ತುಂಡಿನಿಂದ ಕಡೆದ, ಬೆಸುಗೆಯೇ ಇಲ್ಲದ ಚೌಕಟ್ಟು. ಅದರೊಳಗೆ ಪ್ಲಾಸ್ಟಿಕ್ ಬಿಲ್ಲೆ. ಹೌದು, ಪ್ಲಾಸ್ಟಿಕ್ಕೇ. ಸೊಂಟದ ಕೃತಕ ಕೀಲಿನಲ್ಲಿ ಬಳಸುವ ಗಟ್ಟಿ ಪಾಲಿಥಿಲೀನ್. ತಾನೂ ಸವೆಯದೆ, ಎದುರಿನ ಲೋಹವನ್ನೂ ಸವೆಸದೆ, ಸದ್ದನ್ನೂ ಕಡಿಮೆ ಮಾಡಿತು. 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಹಾಕಿದರು. ಈಗ 1 ಲಕ್ಷಕ್ಕೂ ಹೆಚ್ಚು ಜನರಿಗೆ ಹಾಕಿದ್ದಾರೆ. ಹೊರದೇಶದ್ದಕ್ಕಿಂತ ಅಗ್ಗ. ಅಗ್ಗ ಎಂದ ಮಾತ್ರಕ್ಕೆ ಕೀಳು ಎಂದುಕೊಳ್ಳಬೇಡಿ. ಇದಕ್ಕೂ ರಕ್ತ ತೆಳು ಮಾಡುವ ಮಾತ್ರೆ ಬೇಕು.

ಇನ್ನೊಂದು ಸಂಗತಿ. ಒಂದೇ ವಾಲ್ವ್‌ನ ಎರಡು ಭಾಗಗಳಿಂದ ನಾವು ಪೂರ್ತಿ ಉಲ್ಟಾ ಗುಣ ಬಯಸುತ್ತೇವೆ. ನಡುವಿನ ಬಿಲ್ಲೆಗೆ ಏನೂ ಅಂಟಬಾರದು. ಸುತ್ತ ಇರುವ ಬಟ್ಟೆಯ ಉಂಗುರಕ್ಕೆ, ಅಂದರೆ ಸರ್ಜನ್ ಹೃದಯಕ್ಕೆ ಸೇರಿಸಿ ಹೊಲಿಯುವ ಪಾಲಿಯೆಸ್ಟರ್ ಪಟ್ಟಿಗೆ, ಮಾಂಸ ಹಬ್ಬಿ ಬೆಸೆಯಲೇಬೇಕು. ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ಕೆಟ್ಟ ಉದಾಹರಣೆ ಇದೆ. ಕೃತಕ ವಾಲ್ವ್‌ಗೆ ಸೋಂಕು ತಗುಲಿದರೆ ಬಹಳ ಕಷ್ಟ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಹಾಗಾದರೆ ಉಂಗುರದ ಬಟ್ಟೆಗೆ ಬೆಳ್ಳಿ ಲೇಪಿಸೋಣ ಎಂದು 1997ರಲ್ಲಿ ಸೇಂಟ್ ಜೂಡ್ ಕಂಪನಿ ಸಿಲ್ಝೋನ್ ಎಂಬ ವಾಲ್ವ್ ತಂದಿತು. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಮಾಂಸ ಹಬ್ಬಿ ಬೆಸೆಯಬೇಕಾದ ಜಾಗದಲ್ಲೂ ಬೆಳ್ಳಿ ಇತ್ತು. ಉಂಗುರದ ಪಕ್ಕದಿಂದ ರಕ್ತ ಸೋರುವುದು ಈ ವಾಲ್ವ್ ಹಾಕಿದವರಲ್ಲಿ ಜಾಸ್ತಿ ಕಂಡಿತು. 2000ದ ಜನವರಿಯಲ್ಲಿ ಕಂಪನಿ ಅದನ್ನು ವಾಪಸು ತೆಗೆದುಕೊಂಡಿತು. ನಮ್ಮ ವಿದ್ಯಾರ್ಥಿಗಳು 'ಬ್ಯಾಕ್ಟೀರಿಯಾ ಕೊಲ್ಲುವ ಲೇಪ' ಎಂದು ಹುರುಪಿನಿಂದ ಬಂದಾಗ ನಾನು ಮೊದಲು ಕೇಳುವುದು ಅದು ಇನ್ನೇನನ್ನು ಕೊಲ್ಲುತ್ತದೆ ಎಂದೇ.

ಇಷ್ಟು ತಿಳಿದ ಮೇಲೆ ನಿಮ್ಮ ತಂಗಿಯ ವಿಷಯ. ಬದಲಿಸುವುದಕ್ಕೆ ಮೊದಲು, ಸ್ವಂತ ವಾಲ್ವನ್ನೇ ಬಲೂನಿನಿಂದ ಹಿಗ್ಗಿಸಲು ಅಥವಾ ರಿಪೇರಿ ಮಾಡಲು ಆಗುವುದಿಲ್ಲವೇ ಎಂದು ಕೇಳಿ. ಆಗುವ ಸ್ಥಿತಿಯಲ್ಲಿದ್ದರೆ ನನ್ನ ಯಾವ ವಸ್ತುವಿಗಿಂತಲೂ ಅದೇ ಮೇಲು. ಬಹುಶಃ ಡಾಕ್ಟರು ಅದನ್ನೆಲ್ಲ ನೋಡಿಯೇ ಹೇಳಿರುತ್ತಾರೆ, ಆದರೂ ಕೇಳುವುದರಲ್ಲಿ ತಪ್ಪಿಲ್ಲ.

ಮಕ್ಕಳಾಗಬೇಕು ಎಂಬ ಆಸೆ ಇದ್ದರೆ ಅದನ್ನು ಆಪರೇಷನ್‌ಗೆ ಮೊದಲೇ ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ಎಷ್ಟೋ ಸಲ ಅತ್ತೆ, ಗಂಡ, ಅಣ್ಣ ಮಾತಾಡುತ್ತಾರೆ, ಅವಳು ಸುಮ್ಮನಿರುತ್ತಾಳೆ. ರಕ್ತ ತೆಳು ಮಾಡುವ ವಾರ್ಫರಿನ್, ಅಸಿಟ್ರೋಮ್‌ನಂಥ ಮಾತ್ರೆಗಳು ತಾಯಿಯಿಂದ ಮಗುವಿಗೆ ದಾಟುತ್ತವೆ. ಅದರಲ್ಲೂ ಮೊದಲ ಮೂರು ತಿಂಗಳಲ್ಲಿ ಮಗುವಿನ ಬೆಳವಣಿಗೆಗೆ ತೊಂದರೆ ಮಾಡಬಲ್ಲವು. ಹೆಪಾರಿನ್ ಇಂಜೆಕ್ಷನ್ ದಾಟುವುದಿಲ್ಲ, ಆದರೆ ಅದರಲ್ಲಿ ವಾಲ್ವ್‌ಗೆ ಹೆಪ್ಪು ಕಟ್ಟುವ ಅಪಾಯ ಜಾಸ್ತಿ. ಈ ಕಾರಣಕ್ಕೆ ಕೆಲವು ಯುವತಿಯರು ಇನ್ನೊಂದು ಆಪರೇಷನ್ ಬೇಕಾಗುತ್ತದೆ ಎಂದು ಗೊತ್ತಿದ್ದೇ ಟಿಶ್ಯೂ ವಾಲ್ವ್ ಆರಿಸಿಕೊಳ್ಳುತ್ತಾರೆ. ಅದು ತಪ್ಪು ಆಯ್ಕೆ ಅಲ್ಲ. ಮುಂದೆ ಹಳೆಯ ಟಿಶ್ಯೂ ವಾಲ್ವ್ ಒಳಗೆ ರಕ್ತನಾಳದ ಮೂಲಕ ಹೊಸದನ್ನು ಕೂರಿಸುವ ದಾರಿಯೂ ಈಗ ಇದೆ. ಆದರೆ ಮೊದಲು ಹಾಕಿದ ವಾಲ್ವ್‌ನ ಅಳತೆ ಅದಕ್ಕೆ ಸಾಲಬೇಕು. ಸರ್ಜನ್ ಹತ್ತಿರ ಇದನ್ನೂ ಕೇಳಿಟ್ಟುಕೊಳ್ಳಿ.

ಲೋಹದ್ದನ್ನು ಆರಿಸಿದರೆ, ಮಾತ್ರೆಯಿಂದ ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ನಿಮ್ಮ ಊರಿನ ಹತ್ತಿರ ಸಿಗುತ್ತದೆಯೇ ನೋಡಿ. ವಾಲ್ವ್ ಬಗೆಗಿಂತ ಈ ಒಂದು ಸೌಕರ್ಯವೇ ಕೆಲವೊಮ್ಮೆ ಹೆಚ್ಚು ಮುಖ್ಯ. ಮೈಟ್ರಲ್ ಜಾಗದಲ್ಲಿ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು ಎನ್ನುತ್ತಾರೆ, ಅಯೋರ್ಟಿಕ್‌ಗಿಂತ ಸ್ವಲ್ಪ ಜಾಸ್ತಿ. ಯಾಕೆಂದರೆ ಮೈಟ್ರಲ್ ಜಾಗದಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ. ಸೊಪ್ಪು ಈ ಮಾತ್ರೆಯ ಪರಿಣಾಮ ತಗ್ಗಿಸುತ್ತದೆ ಎಂದು ಅದನ್ನು ಪೂರ್ತಿ ಬಿಡುವುದು ಬೇಡ. ನುಗ್ಗೆ, ಬಸಳೆ, ಹರಿವೆ ಎಲ್ಲ ತಿನ್ನಲಿ, ವಾರ ವಾರ ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಲಿ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪ್‌ನಿಂದ ಸುಮ್ನೆ ತಂದು ನುಂಗಬಾರದು, ರಕ್ತಸ್ರಾವ ಆಗಬಹುದು.

ಪರೀಕ್ಷೆ ಬೇಡದ ಹೊಸ ಮಾತ್ರೆಗಳಿವೆಯಂತೆ ಎಂದು ಯಾರಾದರೂ ಹೇಳುತ್ತಾರೆ. ಮೆಕ್ಯಾನಿಕಲ್ ವಾಲ್ವ್‌ಗೆ ಅವು ಬೇಡವೇ ಬೇಡ. ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು 2012ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ. ಎಪಿಕ್ಸಾಬಾನ್ ಪ್ರಯೋಗವೂ 2022ರಲ್ಲಿ ಹಾಗೇ ನಿಂತಿತು. ವಸ್ತುವಿನ ಕಡೆಯಿಂದ ನೋಡಿದರೆ ಇದು ಅರ್ಥವಾಗುತ್ತದೆ. ಹಳೆಯ ಮಾತ್ರೆ ಹೆಪ್ಪುಗಟ್ಟಿಸುವ ಹಲವು ಅಂಶಗಳನ್ನು ಒಟ್ಟಿಗೆ ತಗ್ಗಿಸುತ್ತದೆ. ಹೊಸವು ಒಂದೊಂದನ್ನು ಮಾತ್ರ ಹಿಡಿಯುತ್ತವೆ. ಮೇಲ್ಮೈ ಮಾತ್ರ ಹಗಲೂ ರಾತ್ರಿ ಅವನ್ನು ಎಬ್ಬಿಸುತ್ತಲೇ ಇರುತ್ತದೆ.

ಯಾವ ವಾಲ್ವ್ ಹಾಕಿಸಿದರೂ ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೇಳಬೇಕು, ಮುಂಚೆಯೇ ಆಂಟಿಬಯೊಟಿಕ್ ಬೇಕಾಗುತ್ತದೆ. ಚಿಕ್ಕಂದಿನಲ್ಲಿ ವಾಲ್ವ್ ಹಾಳು ಮಾಡಿದ ಆ ಜ್ವರ ಮತ್ತೆ ಬರದಿರಲಿ ಎಂದು ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ, ಆಪರೇಷನ್ ಆಯಿತಲ್ಲ ಎಂದು ನಿಲ್ಲಿಸಬೇಡಿ. ಎಷ್ಟು ವರ್ಷ ಮುಂದುವರಿಸಬೇಕು ಎಂದು ಡಾಕ್ಟರನ್ನೇ ಕೇಳಿ. ಹೊಸ ವಾಲ್ವ್ ಆ ಜ್ವರಕ್ಕೆ ಹಾಳಾಗುವುದಿಲ್ಲ ನಿಜ, ಆದರೆ ಅವಳ ಸ್ವಂತದ ಇನ್ನೂ ಮೂರು ವಾಲ್ವ್‌ಗಳು ಹೃದಯದಲ್ಲಿ ಉಳಿದಿರುತ್ತವೆ.